ಕೋಸಿನ ಮಡಿಗೆ ಬಿದ್ದ ಈಟಿ

ಹೂಂಗುಟ್ಟೋರು ಯಾರು? ನೀನಾ? ಸರಿ, ಮುಂದಕ್ಕೆ ಬಂದು ಕೂತ್ಕೋ. ಹೂಂ ಅನ್ನೋದು ಎಲ್ಲಿ ನಿಲ್ಲುತ್ತೋ ಕಥೆನೂ ಅಲ್ಲೇ ನಿಲ್ಲುತ್ತೆ, ಆಮೇಲೆ ನನ್ನ ದೂರಬೇಡಿ.

ಯಾವ ಕಾಲ ಅಂತ ಕೇಳ್ತೀರಾ? ನಮ್ಮಜ್ಜನ ಅಜ್ಜನಿಗೂ ಅಜ್ಜ ಹುಟ್ಟೋಕೆ ಮುಂಚಿನ ಕಾಲ. ಯಾವ ದೇಶ? ಕಡಲಾಚೆ ಯಾವುದೋ ದೇಶ. ನಾನೂ ನೋಡಿಲ್ಲ, ನೀವೂ ನೋಡಿಲ್ಲ, ಆದ್ದರಿಂದ ನಮ್ಮೊಳಗೆ ಜಗಳ ಇಲ್ಲ. ಆ ದೇಶದಲ್ಲಿ ರೋಮಾಪುರಿ ಅಂತ ಒಂದು ಪಟ್ಟಣ. ಪಟ್ಟಣದಿಂದ ಬಡಗಲಿಗೆ ಒಂದು ದೊಡ್ಡ ಹೊಳೆ. ಹೊಳೆ ಆಚೆ ಬೆಟ್ಟ. ಆ ಬೆಟ್ಟದಲ್ಲಿ ಕೆಲ್ಟರು ಅಂತ ಒಂದು ಜನ. ಕೇಳ್ತಿದ್ದೀರಲ್ಲ?

ಈ ಬೆಟ್ಟದ ಜನ ಎಂಥೋರು ಗೊತ್ತಾ? ಎತ್ತರದ ಆಳು, ಕೆಂಚು ಮೀಸೆ, ಕೊರಳಿಗೆ ತಿರುಚಿದ ಚಿನ್ನದ ಬಳೆ. ತಲೆಗೂದಲಿಗೆ ಸುಣ್ಣದ ನೀರು ಹಚ್ಚಿ ಹಿಂದಕ್ಕೆ ಬಾಚೋರು. ಒಣಗಿದ ಮೇಲೆ ಕೂದಲು ಕುದುರೆ ಜೂಲಿನ ಹಂಗೆ ನೆಟ್ಟಗೆ ನಿಂತ್ಕೊಳ್ಳೋದು. ಯುದ್ಧಕ್ಕೆ ಹೋದರೆ ಹಾಡ್ತಾ ಹೋಗೋರು, ಊಟಕ್ಕೆ ಕೂತರೆ ಜಗಳ ಆಡ್ತಾ ಉಣ್ಣೋರು. ಭೂಮಿ ಮಾತ್ರ ಯಾರದ್ದೂ ಅಲ್ಲ, ಕುಲದ್ದು. ಉಳೋ ಕಾಲಕ್ಕೆ ಎಲ್ಲರೂ ಉಳೋರು, ಉಣ್ಣೋ ಕಾಲಕ್ಕೆ ಎಲ್ಲರೂ ಉಣ್ಣೋರು. ಇದು ನಂದು, ಅದು ನಿಂದು ಅಂತ ಬೇಲಿ ಹಾಕೋದು ಅವರಿಗೆ ಗೊತ್ತೇ ಇರಲಿಲ್ಲ.

ಇನ್ನು ರೋಮಾಪುರಿಯವರು. ಅಯ್ಯೋ, ಅವರ ವಿಷಯ ಕೇಳಬೇಡಿ. ಕಟ್ಟು ಅಂದ್ರೆ ಕಟ್ಟು, ಕಟ್ಟಳೆ ಅಂದ್ರೆ ಕಟ್ಟಳೆ. ಕೂತ್ರೆ ಕಟ್ಟಳೆ, ನಿಂತ್ರೆ ಕಟ್ಟಳೆ, ಸೀನಿದ್ರೂ ಕಟ್ಟಳೆ. ಪಕ್ಕದವನ ನಾಡನ್ನ ನುಂಗಬೇಕು ಅಂತ ಮನಸ್ಸಿಗೆ ಬಂದ್ರೂ ಸುಮ್ಮನೆ ಹೋಗಿ ನುಂಗೋರಲ್ಲ, ಮೊದಲು ದೇವರ ಮುಂದೆ ಎಲ್ಲಾ ಸರಿಯಾಗಿ ನಡೀಬೇಕು. ಏನದು? ಅವರ ಯುದ್ಧದ ಪೂಜಾರಿ ಹೋಗಿ, ಶತ್ರುಗಳ ನೆಲದಲ್ಲಿ ಒಂದು ಈಟಿ ಎಸೀಬೇಕು. ಈಟಿ ಆ ನೆಲಕ್ಕೆ ನಾಟ್ಕೊಂಡ್ರೆ ಯುದ್ಧ ಸಾರಿದ ಹಂಗೆ. ನಾಟದೇ ದಂಡು ಹೊರಟ್ರೆ ದೇವರ ಸಿಟ್ಟು ದಂಡಿನ ಮೇಲೇ ಬೀಳುತ್ತೆ ಅಂತ ಅವರ ನಂಬಿಕೆ.

ಈಗ ರೋಮಾಪುರಿಯ ದಂಡನಾಯಕನಿಗೆ ಬೆಟ್ಟದ ಮೇಲೆ ಕಣ್ಣು ಬಿತ್ತು. ಅಲ್ಲಿ ಕಬ್ಬಿಣ ಇದೆ, ಹುಲ್ಲುಗಾವಲಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಗೆದ್ದು ಬಂದ್ರೆ ನಾಲ್ಕು ಬಿಳಿ ಕುದುರೆ ಕಟ್ಟಿದ ತೇರಿನಲ್ಲಿ ಊರೆಲ್ಲಾ ಮೆರವಣಿಗೆ ಇದೆ. ಅವನಿಗೆ ಆ ಮೆರವಣಿಗೆದೇ ಹುಚ್ಚು. ಬೆಟ್ಟದವರು ನಮ್ಮ ದನ ಹೊಡ್ಕೊಂಡು ಹೋದ್ರು ಅಂತ ಒಂದು ನೆಪ ತೆಗೆದ. ಬೆಟ್ಟದವರು ದನ ವಾಪಸ್ಸು ಕೊಟ್ರು. ಬರೀ ದನ ಅಲ್ಲ, ಅಲ್ಲಿ ಹುಟ್ಟಿದ ಕರುಗಳನ್ನೂ ಸೇರಿಸಿ ಕೊಟ್ರು. ಆದ್ರೂ ಬಿಟ್ಟನಾ? ಬಿಡಲಿಲ್ಲ. ಯುದ್ಧ ಆಗಲೇಬೇಕು ಅಂದ.

ಸರಿ, ಈಟಿ ಎಸೆಯೋಕೆ ಪೂಜಾರಿ ಬೆಟ್ಟಕ್ಕೆ ಹೋಗಬೇಕಲ್ಲ? ಪೂಜಾರಿಗೋ ಮುಪ್ಪು. ಮಂಡಿ ನೋವು. ಗುಡಿ ಮೆಟ್ಟಿಲು ಇಳಿಯೋಕೇ ಇಬ್ಬರು ಹಿಡೀಬೇಕು. ಹೊಳೆ ದಾಟಿ ಬೆಟ್ಟ ಹತ್ತು ಅಂದ್ರೆ ಹತ್ತುತ್ತಾನಾ? ಅದಕ್ಕೂ ಒಂದು ಉಪಾಯ ಅವರ ಹತ್ರ ಮೊದಲಿಂದಲೂ ಇತ್ತು. ಏನಂತೀರಿ? ಸೆರೆ ಸಿಕ್ಕ ಶತ್ರು ಒಬ್ಬನನ್ನ ಹಿಡಿದು ತರೋದು. ಊರ ಬಾಗಿಲಾಚೆ, ಯುದ್ಧದ ದೇವಿ ಗುಡಿ ಮುಂದೆ, ಅವನ ಕೈಲಿ ಒಂದು ತುಂಡು ನೆಲ ಕೊಳ್ಳಿಸೋದು. ಕೊಂಡ ಮೇಲೆ ಅದು ಯಾರ ನೆಲ? ಶತ್ರುವಿನ ನೆಲ. ಪೂಜಾರಿ ಗುಡಿ ಕಟ್ಟೆ ಮೇಲೇ ನಿಂತು ಆ ತುಂಡಿಗೆ ಈಟಿ ಎಸೆದ್ರಾಯ್ತು. ಮಂಡಿಗೂ ಸುಖ, ದೇವರಿಗೂ ಸುಖ. ನಗ್ತೀರಾ? ನಗಿ, ನಗಿ. ನಂಗೂ ಮೊದಲು ಕೇಳಿದಾಗ ನಗು ಬಂತು.

ಸೆರೆಮನೆಯಲ್ಲಿ ಬೆಟ್ಟದವರು ಮೂರು ಜನ ಇದ್ರು. ಮೊದಲನೆಯವನ ಹತ್ರ ಹೋಗಿ, ನೆಲ ಕೊಳ್ತೀಯಾ ಅಂದ್ರು. ಅವನು ಮುಖಕ್ಕೆ ಉಗಿದ. ಅವನನ್ನ ಕಲ್ಲು ಒಡೆಯೋಕೆ ಕಳಿಸಿದ್ರು. ಎರಡನೆಯವನ ಹತ್ರ ಹೋಗಿ, ನೆಲ ಕೊಳ್ತೀಯಾ ಅಂದ್ರು. ಅವನು ಗೋಡೆ ಕಡೆ ತಿರುಗಿ ಮಲಗಿದ. ಅವನನ್ನೂ ಕಲ್ಲು ಒಡೆಯೋಕೆ ಕಳಿಸಿದ್ರು. ಮೂರನೆಯವನ ಹತ್ರ ಹೋದ್ರು. ಅವನು ಮೀಸೆ ತಿರುವಿ, ಎಷ್ಟು ದೊಡ್ಡದು ಅಂತ ಕೇಳಿದ.

ಆ ಮೂರನೆಯವನೇ ನಮ್ಮ ಕಥೆಯ ಆಳು. ಹೆಸರು ವಿಂದಮಾರ. ಬಾಯಿ ಬಡುಕ ಅಂದ್ರೆ ಬಾಯಿ ಬಡುಕ. ಒಂದು ಮೊಲ ಹೊಡೆದ್ರೆ ಮನೆಗೆ ಬರೋಷ್ಟರಲ್ಲಿ ಅದು ಕಾಡುಹಂದಿ ಆಗಿರೋದು. ಇವನು ಸೆರೆ ಸಿಕ್ಕಿದ್ದು ಹೆಂಗೆ ಅಂತ ಹೇಳ್ತೀನಿ ಕೇಳಿ. ಹೊಳೆ ದಡದಲ್ಲಿ ದನದ ಜಗಳಕ್ಕೆ ಸಣ್ಣ ಕಾಳಗ ನಡೀತಿತ್ತು, ಹಿಂದಕ್ಕೆ ಬನ್ನಿ ಅಂತ ಕೊಂಬು ಊದಿದ್ರು, ಎಲ್ಲರೂ ಬೆಟ್ಟ ಹತ್ತಿದ್ರು. ಇವನು ಮಾತ್ರ ಹೊಳೆ ನೀರಲ್ಲಿ ಮುಖ ನೋಡ್ಕೊಂಡು, ಒಂದು ಕಡೆ ಬಾಗಿದ್ದ ಕೂದಲನ್ನ ನೆಟ್ಟಗೆ ಮಾಡ್ಕೊಳ್ತಾ ಕೂತಿದ್ದ. ಹಿಂದಿನಿಂದ ಬಂದು ಹಿಡ್ಕೊಂಡ್ರು. ಮನೇಲಿ ಹೆಂಡ್ತಿ ಇದ್ದಳು, ತೊಟ್ಟಿಲಲ್ಲಿ ನೆರ್ತಾ ಅಂತ ಎಳೇ ಮಗಳಿದ್ದಳು. ಆ ಮಗು ಆಗ ತಾನೆ ಅವನ ಮೀಸೆ ಹಿಡಿದು ಎಳೆಯೋದನ್ನ ಕಲಿತಿತ್ತು. ಸೆರೆಮನೇಲಿ ಅವನಿಗೆ ಅದೊಂದೇ ನೆನಪು ಸಂಕಟ ಕೊಡ್ತಿದ್ದದ್ದು.

ನೆಲ ಕೊಳ್ಳೋದು ಅಂದ್ರೆ ವಿಂದಮಾರನಿಗೆ ಮಕ್ಕಳಾಟ ಅನ್ನಿಸ್ತು. ನೆಲ ಕೊಳ್ಳೋಕಾಗುತ್ತಾ? ಕೊಂಡು ಚೀಲಕ್ಕೆ ಹಾಕ್ಕೊಂಡು ಹೋಗ್ತೀವಾ? ಈ ಜನಕ್ಕೆ ತಲೆ ಕೆಟ್ಟಿದೆ ಅಂದ್ಕೊಂಡ. ನೆಲ ಕೊಂಡ್ರೆ ಸರಪಳಿ ಬಿಚ್ತೀವಿ, ಆ ನೆಲದಲ್ಲೇ ಗುಡಿಸಲು ಹಾಕ್ಕೊಂಡು ಇರು, ಊರ ಗಡಿ ಮಾತ್ರ ದಾಟಬೇಡ ಅಂದ್ರು. ಇಷ್ಟು ಸುಲಭನಾ ಅಂತ ಒಪ್ಪಿಬಿಟ್ಟ. ಈಟಿ ವಿಷಯ ಅವನಿಗೆ ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ತಪ್ಪು ಅಲ್ಲೇ ಆಗಿದ್ದು.

ಕೊಳ್ಳೋ ದಿನ ನೋಡಬೇಕಿತ್ತು ಆ ಸಡಗರ. ಬರವಣಿಗೆ ಗಿರವಣಿಗೆ ಏನೂ ಇಲ್ಲ. ಊರಿನವರೇ ಐದು ಜನ ಗಂಡಸರು ಸಾಕ್ಷಿಗೆ ನಿಂತ್ರು. ಆರನೆಯವನು ಒಂದು ತಕ್ಕಡಿ ಹಿಡಿದ. ಕೊಳ್ಳೋನು ಆ ನೆಲದ ಒಂದು ಹೆಂಟೆ ಕೈಲಿ ಹಿಡ್ಕೊಂಡು, ಇದು ನಂದು ಅನ್ನಬೇಕು. ತಾಮ್ರದ ಕಾಸಿನಿಂದ ತಕ್ಕಡಿಗೆ ಟಣ್ ಅಂತ ಒಂದು ಸಲ ಬಡಿದು, ಕಾಸನ್ನ ಮಾರೋನಿಗೆ ಕೊಡಬೇಕು. ಅಷ್ಟಾದ್ರೆ ಆಯ್ತು. ಪೂಜಾರಿ ಎಲ್ಲಾ ಸರಿಯಾಗಿದೆಯಾ ಅಂತ ಮೂರು ಸಲ ಕೇಳಿದ. ಇವನಿಗೆ ಕೊಳ್ಳೋ ಹಕ್ಕು ಕೊಟ್ಟಿದ್ದೀವಾ? ಕೊಟ್ಟಿದ್ದೀವಿ. ಉಳೋ ಹಕ್ಕು ಕೊಟ್ಟಿದ್ದೀವಾ? ಕೊಟ್ಟಿದ್ದೀವಿ. ಮಾರೋ ಹಕ್ಕು? ಅದನ್ನೂ ಕೊಡಿ, ಮಾರೋಕಾಗದ ನೆಲ ಪೂರ್ತಿ ಸ್ವಂತದ್ದಲ್ಲ, ದೇವರು ಒಪ್ಪಲ್ಲ ಅಂದ. ಕೊಟ್ರು.

ನೆಲ ಅಂದ್ರೆ ಎಷ್ಟು ಅಂತೀರಿ? ಎರಡು ಎಮ್ಮೆ ಕಟ್ಟಿದ್ರೆ ಮೂರನೇದಕ್ಕೆ ಜಾಗ ಇಲ್ಲ, ಅಷ್ಟು.

ಆದ್ರೆ ನೋಡಿ, ಮನುಷ್ಯನ ಮನಸ್ಸು ಹೆಂಗಿರುತ್ತೆ. ಮೊದಲ ದಿನ ನಗ್ತಾ ಆ ನೆಲದ ಮೇಲೆ ಮಲಗಿದ. ಎರಡನೇ ದಿನ ಅಲ್ಲಿದ್ದ ಕಲ್ಲು ಆರಿಸಿ ಹೊರಗೆ ಹಾಕಿದ. ಮೂರನೇ ದಿನ ಯಾರೋ ಅದರ ಮೇಲೆ ನಡ್ಕೊಂಡು ಹೋದಾಗ, ಏ ಇದು ನನ್ನ ನೆಲ, ಸುತ್ತಿ ಹೋಗು ಅಂದ. ಅಂದ ಮೇಲೆ ಅವನಿಗೇ ಆಶ್ಚರ್ಯ ಆಯ್ತು. ಹುಟ್ಟಿದಾಗಿಂದ ಬಾಯಲ್ಲಿ ಬರದ ಮಾತು ಅದು. ಮಡಿ ಮಾಡಿದ, ಎಲೆಕೋಸಿನ ಸಸಿ ನೆಟ್ಟ, ನೀರು ಹೊತ್ತ. ಬೆಳಿಗ್ಗೆ ಎದ್ದ ಕೂಡಲೇ ಒಂದೊಂದು ಗಿಡವನ್ನೂ ಮುಟ್ಟಿ ನೋಡೋನು. ಈ ಕೋಸು ನೋಡಿದ್ರೆ ನಮ್ಮ ಕುಲದ ಮುದುಕರೆಲ್ಲಾ ಹೊಟ್ಟೆ ಉರ್ಕೊಳ್ತಾರೆ ಅಂತ ಒಬ್ಬನೇ ಕೊಚ್ಕೊಳ್ಳೋನು.

ಕೇಳಿಸ್ಕೊಳ್ಳೋರು ಒಬ್ಬರಿದ್ದರು. ಗುಡಿ ಬಾಗಿಲ ಹತ್ರ ಕಡಲೆ ಹುರಿದು ಮಾರೋ ಮುದುಕಿ. ಅವಳ ಹೆಸರು ವೆತ್ತಿಯಾ ಅಂತ. ನಮ್ಮ ಬಾಯಿಗೆ ತಿರುಗಲಿ, ವೆತ್ತವ್ವ ಅನ್ನೋಣ. ರೋಮಾಪುರಿಯವಳೇ, ಗಂಡ ಸತ್ತೋಳು. ಮೂರು ಗಂಡುಮಕ್ಕಳನ್ನ ಹೆತ್ತಿದ್ದಳು. ಒಬ್ಬ ತೆಂಕಣದ ಯುದ್ಧದಲ್ಲಿ ಹೋದ, ಒಬ್ಬ ಕಡಲ ಯುದ್ಧದಲ್ಲಿ ಹೋದ, ಉಳಿದಿದ್ದೋನು ಮಾನಿಯ ಅನ್ನೋ ಕಿರಿಯೋನು. ಅವನನ್ನೂ ಈಗ ದಂಡಿಗೆ ಸೇರಿಸ್ಕೊಂಡಿದ್ರು. ಕೆಮ್ಮು ಬೇರೆ ಅವಳಿಗೆ, ಗೂರಲು ಕೆಮ್ಮು. ಬಾಯಿ ಮಾತ್ರ ಭಾರಿ ಚುರುಕು. ವಿಂದಮಾರ ಜಂಬ ಕೊಚ್ಚಿದ್ರೆ ಅವಳು ಬಾಣಲೆ ಕೆದಕ್ತಾ, ಹೌದಪ್ಪ ಹೌದು, ಸೂರ್ಯನೂ ನಿನ್ನ ಕೋಸು ನೋಡೋಕೇ ಹುಟ್ಟೋದು ಅನ್ನೋಳು. ಒಂದು ಹಿಡಿ ಕಡಲೆ ಅವನ ಕಡೆ ಹಾಕೋಳು. ಹಿಂಗೆ ಇಬ್ಬರಿಗೂ ಹೊಂದ್ಕೊಳ್ತು.

ಕೋಸು ಗಡ್ಡೆ ಕಟ್ಟೋ ಹೊತ್ತಿಗೆ ದಂಡು ಬಂದು ಊರಾಚೆ ಡೇರೆ ಹಾಕ್ತು. ವಿಂದಮಾರ ಅದನ್ನ ನೋಡಿ, ಯಾರ ಮೇಲೆ ಹೋಗ್ತಾರಂತೆ ಅವ್ವ ಅಂತ ಕೇಳಿದ. ವೆತ್ತವ್ವ ಕೈಲಿದ್ದ ಸೌಟು ಕೆಳಗಿಟ್ಟಳು. ನಿಂಗೆ ನಿಜವಾಗ್ಲೂ ಗೊತ್ತಿಲ್ವಾ ಅಂದ್ಳು. ಗೊತ್ತಿಲ್ಲ ಅಂದ. ಅವಳು ಎಲ್ಲಾ ಹೇಳಿದಳು. ಈ ನೆಲ ಯಾಕೆ ಕೊಳ್ಳಿಸಿದ್ರು, ಈಟಿ ಎಲ್ಲಿ ಬೀಳುತ್ತೆ, ಬಿದ್ದ ಮೇಲೆ ದಂಡು ಯಾವ ಬೆಟ್ಟ ಹತ್ತುತ್ತೆ, ಎಲ್ಲಾ.

ವಿಂದಮಾರನ ಮೀಸೆ ತಿರುವೋ ಬೆರಳು ಮೀಸೆ ಮೇಲೇ ನಿಂತ್ಹೋಯ್ತು. ಇಷ್ಟು ದಿನ ನೀರು ಹೊಯ್ದು ಸಾಕಿದ ನೆಲ ತನ್ನ ಕುಲದ ಕೊರಳಿಗೆ ಹಗ್ಗ ಅಂತ ಆಗ ತಿಳೀತು. ಅತ್ತ. ಹೌದು, ಅಷ್ಟು ದೊಡ್ಡ ಆಳು, ಕೋಸಿನ ಮಡಿ ಮಧ್ಯ ಕುಕ್ಕರಗಾಲಲ್ಲಿ ಕೂತು ಅತ್ತ. ವೆತ್ತವ್ವ ತಡೀಲಿಲ್ಲ, ಅಳಲಿ ಅಂತ ಬಿಟ್ಟಳು. ಅವಳಿಗೂ ಮಾನಿಯನ ಚಿಂತೆ ಒಳಗೊಳಗೇ ಕೊರೀತಿತ್ತು.

ಅತ್ತು ಮುಗಿದ ಮೇಲೆ ಅವನು ಮೂಗು ಒರೆಸ್ಕೊಂಡು ಕೇಳಿದ, ನಾನು ಓಡಿಹೋದ್ರೆ ಏನಾಗುತ್ತೆ? ಓಡಿಹೋದ್ರೂ ನೆಲ ನಿಂದೇ, ಈಟಿ ಬೀಳುತ್ತೆ ಅಂದ್ಳು. ನಾನು ಸತ್ತುಹೋದ್ರೆ? ಸತ್ರೆ ನೆಲ ಬೆಟ್ಟದಲ್ಲಿರೋ ನಿನ್ನ ಮಗಳಿಗೆ ಹೋಗುತ್ತೆ, ಆಗಲೂ ಬೀಳುತ್ತೆ ಅಂದ್ಳು. ಈ ಮಣ್ಣನ್ನೆಲ್ಲಾ ಅಗೆದು ಹೊಳೆಗೆ ಹಾಕಿದ್ರೆ? ಗುಂಡಿನೂ ನಿಂದೇ ಕಣಪ್ಪ, ಗುಂಡಿಗೇ ಎಸೀತಾರೆ ಅಂದ್ಳು.

ಅವನು ಒಂದು ಹೆಂಟೆ ಎತ್ತಿ, ನೆಲ ಕೊಂಡ ದಿನ ಹಿಡಿದಿದ್ದ ಹಂಗೆ ಕೈಲಿ ಹಿಡ್ಕೊಂಡ. ಆಮೇಲೆ ನಿಧಾನಕ್ಕೆ ಕೇಳಿದ.

"ಅವ್ವ, ನಾನು ಇದನ್ನ ನಿಂಗೆ ಮಾರಿದ್ರೆ?"

ವೆತ್ತವ್ವ ಬಾಣಲೆ ಕೆದಕೋದು ನಿಲ್ಲಿಸಿದಳು. ಕಡಲೆ ಸೀದುಹೋಯ್ತು, ಅವಳಿಗೆ ಗೊತ್ತೇ ಆಗಲಿಲ್ಲ.

ಈಗಲೇ ಮಾರಿದ್ರೆ ಏನೂ ಪ್ರಯೋಜನ ಇಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಪೂಜಾರಿಗೆ ಸುದ್ದಿ ಹೋಗುತ್ತೆ, ಇನ್ನೊಬ್ಬ ಸೆರೆಯವನನ್ನ ತರ್ತಾರೆ, ಇನ್ನೊಂದು ತುಂಡು ಕೊಳ್ಳಿಸ್ತಾರೆ. ಯಾವಾಗ ಮಾರಿದ್ರೆ ಅವರಿಗೆ ತಡೆಯೋಕಾಗಲ್ಲ? ವೆತ್ತವ್ವ ಗುಡಿ ಬಾಗಿಲಲ್ಲೇ ಮುದುಕಿಯಾದೋಳು, ಅಲ್ಲಿ ನಡೆಯೋ ಪೂಜೆ ಎಲ್ಲಾ ನೋಡಿದ್ದೋಳು. ಅವಳು ಹೇಳಿದಳು. ನೀವು ಗಮನ ಕೊಟ್ಟು ಕೇಳಿ, ಇದೇ ಕಥೆಯ ಜೀವ.

ರೋಮಾಪುರಿಯವರು ದೊಡ್ಡ ಪೂಜೆ ಮಾಡೋವಾಗ ಪೂಜೆ ಮಾಡೋನು ತಲೆ ಮೇಲೆ ಮುಸುಕು ಎಳ್ಕೋಬೇಕು. ಯಾಕೆ? ಕೆಟ್ಟ ಶಕುನ ಕಣ್ಣಿಗೆ ಬೀಳಬಾರದು. ಪಕ್ಕದಲ್ಲಿ ಒಬ್ಬ ಜೋರಾಗಿ ಕೊಳಲು ಊದಬೇಕು. ಯಾಕೆ? ಕೆಟ್ಟ ಶಬ್ದ ಕಿವಿಗೆ ಬೀಳಬಾರದು. ಪೂಜೆ ಶುರು ಆದ ಮೇಲೆ ಯಾರೂ ನಡುವೆ ಬಾಯಿ ಹಾಕಬಾರದು. ಕಾವಲಿನ ಸಿಪಾಯಿ ಹಾಕಿದನೋ, ಅವನ ಬೆನ್ನಿನ ಚರ್ಮ ಸುಲೀತಾರೆ. ಅಂದ್ರೆ ಏನಾಯ್ತು? ಮುಸುಕು ಹಾಕ್ಕೊಂಡಲ್ಲಿಂದ ಈಟಿ ಎಸೆಯೋವರೆಗೂ ಪೂಜಾರಿ ಕುರುಡ, ಪೂಜಾರಿ ಕಿವುಡ.

ಆದ್ರೆ ಸಾಕ್ಷಿಗೆ ಐದು ಜನ ಬೇಕಲ್ಲ? ದಿನಾ ಕಡಲೆ ತಿನ್ನೋಕೆ ಬರೋ ಮುದುಕರಿದ್ರು. ವೆತ್ತವ್ವ ಅವರ ಹತ್ರ ಮಾತಾಡಿದಳು. ಅವರೇನು ಬೆಟ್ಟದವರ ಮೇಲೆ ಪ್ರೀತಿಗೆ ಒಪ್ಪಲಿಲ್ಲ. ಅವರ ಮಕ್ಕಳೂ ಮೊಮ್ಮಕ್ಕಳೂ ಆ ಡೇರೆಗಳಲ್ಲೇ ಇದ್ರು, ದನ ವಾಪಸ್ಸು ಬಂದ ಮೇಲೂ ಈ ಯುದ್ಧ ಯಾಕೆ ಅಂತ ಅವರಿಗೂ ಹೊಟ್ಟೆ ಉರೀತಿತ್ತು. ತಕ್ಕಡಿಗೆ ಎಲ್ಲಿ ಹೋಗೋದು? ಕಡಲೆ ತೂಗೋ ತಕ್ಕಡಿ ಇಲ್ವಾ? ಅದೇ ಸಾಕು. ಅದನ್ನ ಹಿಡಿಯೋಕೆ ಮಾನಿಯನ ಸೋದರಮಾವ ಬಂದ.

ಈಟಿ ದಿನ ಬಂತು. ಹಿಂದಿನ ಸಂಜೆ ವಿಂದಮಾರ ಕೋಸಿಗೆ ಕೊನೇ ಸಲ ನೀರು ಹಾಕಿದ. ಅವನಿಗೆ ಅದನ್ನ ಬಿಡೋಕೆ ನಿಜವಾಗಿಯೂ ಮನಸ್ಸಿರಲಿಲ್ಲ, ನಾನು ಮುಚ್ಚಿಡಲ್ಲ. ಬೆಟ್ಟಕ್ಕೆ ಹೋದ್ರೆ ಮತ್ತೆ ಎಲ್ಲಾ ಕುಲದ್ದೇ, ಅವನದ್ದು ಅಂತ ಏನೂ ಇಲ್ಲ. ಈ ಎರಡು ಎಮ್ಮೆ ಜಾಗ ಒಂದೇ ಅವನ ಜೀವಮಾನದಲ್ಲಿ ಅವನದ್ದು ಅಂತ ಇದ್ದಿದ್ದು.

ಬೆಳಿಗ್ಗೆ ಗುಡಿ ಮುಂದೆ ಜನ ಕಿಕ್ಕಿರಿದಿದ್ದರು. ಒಂದು ಕಡೆ ದಂಡು ಸಾಲಾಗಿ ನಿಂತಿತ್ತು, ಅದರೊಳಗೆ ಮಾನಿಯ ಇದ್ದ. ಕಟ್ಟೆ ಮೇಲೆ ಪೂಜಾರಿ, ಅವನ ಪಕ್ಕ ದಂಡನಾಯಕ. ಪೂಜಾರಿ ಕೈಲಿ ರಕ್ತ ಹಚ್ಚಿದ ಈಟಿ. ವಿಂದಮಾರ ಸುಣ್ಣದ ನೀರು ಹಚ್ಚಿ, ಕೂದಲು ನೆಟ್ಟಗೆ ಮಾಡ್ಕೊಂಡು, ತನ್ನ ಕೋಸಿನ ಪಕ್ಕ ನಿಂತಿದ್ದ. ಅಷ್ಟೆಲ್ಲಾ ಭಯದಲ್ಲೂ ಕೂದಲು ಬಿಡಲಿಲ್ಲ ನೋಡಿ.

ಪೂಜಾರಿ ಕೇಳಿದ, ಈ ನೆಲ ಯಾರದ್ದು? ನಂದು ಅಂದ. ಮತ್ತೆ ಕೇಳಿದ, ಈ ನೆಲ ಯಾರದ್ದು? ನಂದು ಅಂದ. ಮೂರನೇ ಸಲ ಕೇಳಿದ. ನಂದು, ಬೆಟ್ಟದ ವಿಂದಮಾರನದ್ದು ಅಂದ, ಎದೆ ಉಬ್ಬಿಸಿ. ಸುಳ್ಳಲ್ಲ ಅದು, ಆ ಗಳಿಗೆಗೆ ಅದು ಅವನದ್ದೇ.

ಪೂಜಾರಿ ಮುಸುಕು ಎಳ್ಕೊಂಡ. ದಂಡನಾಯಕನೂ ಮುಸುಕು ಎಳ್ಕೊಂಡ. ಕೊಳಲಿನವನು ಕೆನ್ನೆ ಉಬ್ಬಿಸಿ ಪೇ ಅಂತ ಶುರು ಮಾಡಿದ. ಪೂಜಾರಿ ಬಾಯಲ್ಲಿ ಉದ್ದನೇ ಮಂತ್ರ.

ಇತ್ತ ಕೋಸಿನ ಮಡಿ ಪಕ್ಕ ಏನು ನಡೀತಾ ಇದೆ? ಐದು ಜನ ಮುದುಕರು ಒಬ್ಬೊಬ್ಬರೇ ಜನರೊಳಗಿಂದ ಜಾರಿ ಬಂದು ನಿಂತ್ರು. ಸೋದರಮಾವ ತಕ್ಕಡಿ ಎತ್ತಿದ. ವೆತ್ತವ್ವ ಬಗ್ಗಿ ಒಂದು ಹೆಂಟೆ ತಗೊಂಡು, ಇದು ನಂದು ಅಂದ್ಳು. ಕಾಸಿನಿಂದ ತಕ್ಕಡಿಗೆ ಟಣ್ ಅನ್ನಿಸಿ, ಕಾಸನ್ನ ವಿಂದಮಾರನ ಅಂಗೈಗೆ ಇಟ್ಟಳು. ಕಾವಲಿನ ಸಿಪಾಯಿಗಳು ಎಲ್ಲಾ ನೋಡಿದ್ರು. ಕಣ್ಣು ಕಣ್ಣು ಬಿಟ್ರು, ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಬಾಯಿ ಬಿಟ್ಟರಾ? ಯಾರಿಗೆ ಬೇಕಪ್ಪ ಬೆನ್ನು ಸುಲಿಸ್ಕೊಳ್ಳೋದು. ಸುಮ್ಮನೆ ನಿಂತ್ರು.

ಮಂತ್ರ ಮುಗೀತು. ಮುದಿ ಕೈ ಮೇಲೆದ್ದಿತು. ಈಟಿ ಹೋಗಿ ಕೋಸಿನ ಮಡಿ ಮಧ್ಯ ಗಚ್ ಅಂತ ನಾಟ್ಕೊಂತು. ಕೊಳಲು ನಿಂತಿತು. ಪೂಜಾರಿ ಮುಸುಕು ತೆಗೆದು, ಈ ನೆಲದವರ ಮೇಲೆ ಯುದ್ಧ ಸಾರಿದ್ದಾಯ್ತು ಅಂತ ಕೂಗಿದ.

ಆಗ ವೆತ್ತವ್ವ ಕಟ್ಟೆ ಹತ್ರ ಹೋಗಿ ಕೈ ಮುಗಿದಳು.

"ಸ್ವಾಮಿ, ನಾನು ಈ ಊರಲ್ಲೇ ಹುಟ್ಟಿದೋಳು. ನನ್ನ ಕೋಸಿನ ಮೇಲೆ ಯಾಕೆ ಯುದ್ಧ ಸಾರಿದ್ರಿ?"

ದಂಡನಾಯಕ ನಕ್ಕ. ಸಾಕ್ಷಿಯವರು ಮುಂದೆ ಬಂದ್ರು, ಒಬ್ಬೊಬ್ಬರೂ ನಡೆದಿದ್ದು ನಡೆದ ಹಂಗೆ ಹೇಳಿದ್ರು. ಅವನ ನಗು ಅಲ್ಲೇ ಇಂಗಿಹೋಯ್ತು. ಪೂಜಾರಿ ಕಟ್ಟೆ ಮೇಲೇ ಕುಸಿದು ಕೂತ. ರೋಮಾಪುರಿ ರೋಮಾಪುರಿಯ ಮೇಲೇ ಯುದ್ಧ ಸಾರಿಬಿಟ್ಟಿತ್ತು. ಅದೂ ಎಲ್ಲಾ ಕಟ್ಟಳೆ ಪ್ರಕಾರ, ಒಂದೂ ತಪ್ಪಿಲ್ಲದ ಹಂಗೆ.

ಊರ ಹಿರಿಯರ ಸಭೆ ಸೇರಿತು. ಒಬ್ಬ ಎದ್ದು, ಈಟಿ ಕಿತ್ತುಬಿಡೋಣ ಅಂದ. ದೇವರಿಗೆ ಎಸೆದಿದ್ದನ್ನ ಕೀಳೋಕಾಗಲ್ಲ ಅಂದ್ರು. ಇನ್ನೊಬ್ಬ ಎದ್ದು, ಈ ಬೆಟ್ಟದವನನ್ನ ಕೊಂದುಹಾಕೋಣ ಅಂದ. ಅವನು ಮಾಡಿದ್ದು ನಾವೇ ಕೊಟ್ಟ ಹಕ್ಕಿನ ಪ್ರಕಾರ, ಕೊಂದ್ರೆ ಇನ್ನೊಂದು ಪಾಪ ಸುತ್ಕೊಳ್ಳುತ್ತೆ ಅಂದ್ರು. ಮೂರನೆಯವನು, ತುಂಬಾ ವಯಸ್ಸಾದೋನು, ನಿಧಾನಕ್ಕೆ ಎದ್ದು ಹಳೇ ಕಟ್ಟಳೆ ಹೇಳಿದ. ತಪ್ಪಿಲ್ಲದವರ ಮೇಲೆ ಯುದ್ಧ ಸಾರಿದ್ರೆ, ಸಾರಿಸಿದವನ ಕೈ ಕಟ್ಟಿ ಆ ನೊಂದವರಿಗೆ ಒಪ್ಪಿಸಬೇಕು. ಅವರು ಏನು ಬೇಕಾದ್ರೂ ಮಾಡ್ಕೊಳ್ಳಲಿ. ಅವರು ಕ್ಷಮಿಸಿದ್ರೆ ಊರಿಗೆ ದೋಷ ಇಲ್ಲ.

ಸಾರಿಸಿದವನು ಯಾರು? ಎಲ್ಲರೂ ದಂಡನಾಯಕನ ಕಡೆ ತಿರುಗಿದ್ರು.

ನಾಲ್ಕು ಬಿಳಿ ಕುದುರೆ ಕನಸು ಕಂಡೋನು ಮಾರನೇ ದಿನ ಕೈ ಹಿಂದಕ್ಕೆ ಕಟ್ಟಿಸ್ಕೊಂಡು, ಬರೀ ಕಾಲಲ್ಲಿ, ಕಡಲೆ ಒಲೆ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಹೊಗೆಗೆ ಕಣ್ಣಲ್ಲಿ ನೀರು. ವೆತ್ತವ್ವ ಮೊದಲು ಗಿರಾಕಿಗಳಿಗೆಲ್ಲಾ ಕಡಲೆ ಕೊಟ್ಟು ಕಳಿಸಿದಳು. ಆಮೇಲೆ ಅವನ ಕಡೆ ತಿರುಗಿದಳು. ನಿನ್ನ ತಲೆ ನಂಗೆ ಬೇಡ, ನಿನ್ನ ಮಾತು ಬೇಕು ಅಂದ್ಳು. ಮೊದಲನೇ ಮಾತು, ದಂಡು ಇವತ್ತೇ ಮನೆಗೆ ಹೋಗಬೇಕು. ಹೂಂ ಅಂದ. ಎರಡನೇ ಮಾತು, ಈ ವಿಂದಮಾರ, ಕಲ್ಲು ಒಡೆಯೋ ಅವನ ಇಬ್ಬರು ಜೊತೆಗಾರರು, ಮೂವರೂ ಹೊಳೆ ದಾಟಬೇಕು. ಹೂಂ ಅಂದ. ಮೂರನೇ ಮಾತಿಗೆ ಅವಳು ಹಿರಿಯರ ಸಭೆಯವರನ್ನೂ ಕರೆಸಿದಳು.

"ನಿಮ್ಮ ಈಟಿ ಯಾರ ಮೇಲೆ ಹೊರಟಿತ್ತೋ ಆ ಬೆಟ್ಟದವರು ಇನ್ನು ನನ್ನ ಕಡೆಯವರು. ನಾನು ಬದುಕಿರೋವರೆಗೂ ಅವರ ಮೇಲೆ ದಂಡು ಹೋಗಬಾರದು. ದೇವರ ಮೇಲೆ ಆಣೆ ಇಡಿ."

ಹಿರಿಯರು ಅವಳನ್ನ ಮೇಲಿಂದ ಕೆಳಗೆ ನೋಡಿದ್ರು. ಬೆನ್ನು ಬಾಗಿದೆ. ಹಲ್ಲು ಹೋಗಿದೆ. ಕೆಮ್ಮಿದ್ರೆ ಪ್ರಾಣ ಬಾಯಿಗೆ ಬರುತ್ತೆ. ಬರೋ ಚಳಿಗಾಲ ಕಳೆದ್ರೆ ಹೆಚ್ಚು ಅಂತ ಲೆಕ್ಕ ಹಾಕಿ, ಸಂತೋಷದಿಂದ ಆಣೆ ಇಟ್ರು. ಮಾನಿಯ ಆ ಸಂಜೆನೇ ಮನೆಗೆ ಬಂದ, ತಾಯಿ ಅವನಿಗೆ ಕೋಸಿನ ಸಾರು ಮಾಡಿ ಬಡಿಸಿದಳು.

ವಿಂದಮಾರ ಬೆಟ್ಟಕ್ಕೆ ಬಂದ. ಹೆಂಡ್ತಿ ಅಪ್ಪಿಕೊಂಡು ಅತ್ತಳು, ನೆರ್ತಾ ಮೀಸೆ ಹಿಡಿದು ಎಳೆದಳು. ಕುಲದವರೆಲ್ಲಾ ಸುತ್ತ ಕೂತು, ಏನಾಯ್ತಪ್ಪ ಅಂದ್ರು. ಅವನು ಇದ್ದಿದ್ದು ಇದ್ದ ಹಂಗೆ ಹೇಳಿದ. ಒಬ್ಬನಾದ್ರೂ ನಂಬಿದನಾ? ಇಲ್ಲ. ಹುಟ್ಟಿದಾಗಿಂದ ಸುಳ್ಳು ಜಂಬ ಕೊಚ್ಚಿದ್ದೋನು ಒಂದು ಸಲ ನಿಜ ಹೇಳಿದ, ಅವತ್ತೇ ಬಿದ್ದು ಬಿದ್ದು ನಕ್ರು. ನಿನ್ನ ಕೋಸಿನಿಂದ ರೋಮಾಪುರಿ ದಂಡು ನಿಂತ್ಹೋಯ್ತಾ ಅಂದ್ರು. ಕಲ್ಲು ಒಡೆಯೋಕೆ ಹೋಗಿದ್ದ ಇಬ್ಬರೂ ಬಂದು ಹೌದು ಅಂದ ಮೇಲೆ ಬಾಯಿ ಮುಚ್ಚಿದ್ರು.

ನಂಬಿದ ಮೇಲೆ ಅವರಿಗೆ ಒಂದೇ ಯೋಚನೆ. ಆ ಮುದುಕಿ ಬದುಕಬೇಕು. ಹೆಂಗಾದ್ರೂ ಬದುಕಬೇಕು.

ಹೇಳ್ತೀನಿ ಕೇಳಿ, ಭೂಮಿ ಮೇಲೆ ಯಾವ ರಾಣಿಗೂ ಅಂಥ ಆರೈಕೆ ಆಗಿಲ್ಲ. ಚಳಿಗಾಲದ ಮುಂಚೆ ಪ್ರತಿ ವರ್ಷ ಬೆಟ್ಟದಿಂದ ಗಾಡಿ ಇಳಿಯೋದು. ಕೆಮ್ಮಿಗೆ ಕಾಡುಜೇನು. ಉಪ್ಪು ಹಾಕಿ ಹೊಗೆ ಹಿಡಿಸಿದ ಹಂದಿ ತೊಡೆ, ಕುಲದಲ್ಲೇ ಒಳ್ಳೇದು. ಹೊದೆಯೋಕೆ ಉಣ್ಣೆ ಕಂಬಳಿ. ಒಲೆಗೆ ಒಣಗಿದ ಸೌದೆ. ಬೆಟ್ಟದ ಹೆಂಗಸರು ದೀಪ ಹಚ್ಚೋವಾಗ ತಮ್ಮ ಮಕ್ಕಳ ಹೆಸರು ಹೇಳೋಕೆ ಮುಂಚೆ ಅವಳ ಹೆಸರು ಹೇಳೋರು. ವೆತ್ತವ್ವನಿಗೆ ಕೆಮ್ಮು ನಿಂತಿತು, ಕೆನ್ನೆ ತುಂಬ್ಕೊಂತು. ರೋಮಾಪುರಿಯ ಹಿರಿಯರು ಪ್ರತಿ ವಸಂತಕ್ಕೆ ಒಬ್ಬನನ್ನ ಕಳಿಸಿ, ಇದ್ದಾಳಾ ನೋಡ್ಕೊಂಡು ಬಾ ಅನ್ನೋರು. ಅವನು ಹೋಗಿ ಬಂದು, ಇದ್ದಾಳೆ, ಕಡಲೆ ಹುರೀತಿದ್ದಾಳೆ ಅನ್ನೋನು. ದಂಡನಾಯಕ ಮುದುಕನಾಗಿ ಸತ್ತ, ಅವಳು ಕಡಲೆ ಹುರೀತಿದ್ದಳು. ಪೂಜಾರಿ ಸತ್ತ, ಹೊಸಬ ಬಂದ, ಅವಳು ಕಡಲೆ ಹುರೀತಿದ್ದಳು. ಆಣೆ ಇಟ್ಟ ಹಿರಿಯರೆಲ್ಲಾ ಹೋದ್ರು, ಅವಳು ಕಡಲೆ ಹುರೀತಾನೇ ಇದ್ದಳು. ಮಾನಿಯನಿಗೆ ಮದುವೆ ಆಯ್ತು, ಮಕ್ಕಳಾದ್ವು. ಬೆಟ್ಟದಲ್ಲಿ ನೆರ್ತಾ ದೊಡ್ಡವಳಾಗಿ, ಮದುವೆಯಾಗಿ, ಮನೆ ತುಂಬಾ ಹೆತ್ತಳು.

ಆದ್ರೆ ಮನುಷ್ಯರು ತಾನೆ. ಒಂದು ವರ್ಷ ಗಾಡಿ ಕೆಳಗಿಳೀತು, ತುಂಬಿದ ಗಾಡಿ ತುಂಬಿದ ಹಂಗೇ ವಾಪಸ್ಸು ಬಂತು.

ಬೆಟ್ಟದಲ್ಲಿ ಒಲೆ ಹಚ್ಚಲಿಲ್ಲ. ಹೆತ್ತ ತಾಯಿ ಹೋದ ಹಂಗೆ ಅತ್ರು. ಅಳು ಮುಗಿಸಿ ಕತ್ತಿ ಮಸೆದ್ರು, ಮುಂದೆ ಏನು ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಬಂತು. ಈ ಸಲ ಹೊಸ ಪೂಜಾರಿ, ಗಟ್ಟಿ ಮಂಡಿಯೋನು, ಹೊಳೆ ದಾಟಿ ಬಂದೇ ಈಟಿ ಎಸೆದ. ಕಾದಾಡಿದ್ರು. ಚೆನ್ನಾಗೇ ಕಾದಾಡಿದ್ರು, ಹಾಡ್ತಾ ಕಾದಾಡಿದ್ರು. ಆದ್ರೂ ಸೋತ್ರು. ಸುಳ್ಳು ಹೇಳಿ ನಿಮ್ಮನ್ನ ಸಂತೋಷಪಡಿಸೋ ಆಳು ನಾನಲ್ಲ. ರೋಮಾಪುರಿಯವರು ಬೆಟ್ಟ ಹಿಡಿದ್ರು, ನೆಟ್ಟಗೆ ರಸ್ತೆ ಹಾಕಿದ್ರು, ಕಲ್ಲು ನೆಟ್ಟು ನೆಲ ಹಂಚಿದ್ರು.

ವಿಂದಮಾರ ಆಗ ಹಣ್ಣು ಹಣ್ಣು ಮುದುಕ. ಮನೆ ಮುಂದೆ ಬಿಸಿಲಿಗೆ ಕೂತಿದ್ದ. ನೆರ್ತಾಳ ಹಿರೀ ಮಗ, ಮೀಸೆ ಬಂದ ಗಂಡಸು, ಕಾಳಗದಲ್ಲಿ ತೋಳಿಗೆ ಗಾಯ ಆಗಿ ಪಟ್ಟಿ ಕಟ್ಕೊಂಡು ಬಂದು ಪಕ್ಕ ಕೂತ. ಅವನಿಗೆ ಮೈಯೆಲ್ಲಾ ಸಿಟ್ಟು, ಸಿಟ್ಟು ತೀರಿಸ್ಕೊಳ್ಳೋಕೆ ಬೇರೆ ಯಾರೂ ಸಿಗಲಿಲ್ಲ.

"ತಾತ, ರೋಮಾಪುರಿನ ಗೆದ್ದೆ ಗೆದ್ದೆ ಅಂತ ಜೀವನ ಪೂರ್ತಿ ಹೇಳ್ಕೊಂಡು ತಿರುಗಿದ್ಯಲ್ಲ. ನೀನು ಗೆಲ್ಲಲಿಲ್ಲ, ಸ್ವಲ್ಪ ದಿನ ಮುಂದಕ್ಕೆ ಹಾಕಿದೆ ಅಷ್ಟೆ."

ಮೊಮ್ಮಗನ ತೋಳಿನ ಪಟ್ಟಿ ಸಡಿಲ ಆಗಿತ್ತು, ವಿಂದಮಾರ ಅದನ್ನ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದ. ಆಮೇಲೆ ಹೇಳಿದ.

"ದಂಡು ಬರಬೇಕಿದ್ದ ಅವತ್ತು ನಿಮ್ಮಮ್ಮ ಇನ್ನೂ ತೊಟ್ಟಿಲಲ್ಲಿದ್ದಳು ಕಣೋ. ಆ ಸ್ವಲ್ಪ ದಿನದಲ್ಲೇ ಅವಳು ನಡೆದಿದ್ದು, ಆಡಿದ್ದು, ಮದುವೆ ಆಗಿದ್ದು, ನಿನ್ನ ಹೆತ್ತಿದ್ದು. ನನ್ನ ಮುಂದೆ ಕೂತು ನನ್ನ ಬಯ್ಯೋಕೆ ನೀನಿದ್ದೀಯ. ನಾನು ಸೋತಿದ್ರೆ ಯಾರು ಬಯ್ತಿದ್ರು?"

ಒಳಗಡೆ ನೆರ್ತಾಳ ಮನೆ ತುಂಬಾ ಮಕ್ಕಳ ಗಲಾಟೆ, ಊಟಕ್ಕೆ ಕೂತು ಜಗಳ ಆಡ್ತಾ ಇದ್ರು. ಮೊಮ್ಮಗ ಅದನ್ನೇ ಕೇಳ್ತಾ ಕೂತಿದ್ದು, ಎದ್ದು ಬಗ್ಗಿ, ಮುದುಕನ ಕಾಲು ಮುಟ್ಟಿ, ಉಣ್ಣೋಕೆ ಒಳಗೆ ಹೋದ.

ಅವರು ಅಲ್ಲಿ ಉಂಡ್ರು, ನಾವು ಇಲ್ಲಿ ಹೂಂ ಅಂದ್ವಿ. ಹೇಳಿದ ಬಾಯಿಗೆ ನೀರು ಕೊಡಿ, ಕೇಳಿದ ಕಿವಿಗೆ ಹಾದಿ ಬಿಡಿ, ಏಳಿ, ಕಥೆ ಮನೆ ಸೇರ್ತು.